ತಂತಿಯ ಕೆಳಗಿನ ತಂತಿ

ಭಾಲ್ಕಿಯ ಆ ಮನೆಯ ಗೋಡೆಗೆ ತೂಗುಹಾಕಿದ್ದ ಗಿಟಾರನ್ನು ಮೂರು ವರ್ಷಗಳಿಂದ ಯಾರೂ ಮುಟ್ಟಿರಲಿಲ್ಲ. ಮನೆಯ ಯಜಮಾನರು ಪ್ರೌಢಶಾಲೆಯಲ್ಲಿ ವಿಜ್ಞಾನದ ಮಾಸ್ತರರು. ಗಿಟಾರು ಅವರ ತಂದೆಯದು. ತಂದೆ ಔರಾದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಉಪಾಧ್ಯಾಯರಾಗಿದ್ದು, ಭಾನುವಾರದ ಆರಾಧನೆಯಲ್ಲಿ ಢೋಲಕ್ಕು, ಹಾರ್ಮೋನಿಯಂಗಳ ಜೊತೆಗೆ ಮೂವತ್ತು ವರ್ಷ ಅದನ್ನು ನುಡಿಸಿದ್ದರು. ಅವರಿಗೆ ಬರುತ್ತಿದ್ದುದು ನಾಲ್ಕೇ ನಾಲ್ಕು ಸ್ವರಗುಚ್ಛಗಳು. ಗಿಟಾರಿನವರ ಮಾತಿನಲ್ಲಿ ಹೇಳುವುದಾದರೆ ಕಾರ್ಡುಗಳು. ಊರಿನ ಕೀರ್ತನೆಗಳೆಲ್ಲ ಆ ನಾಲ್ಕರಲ್ಲಿಯೇ ಅಡಕವಾಗುತ್ತಿದ್ದವು. ಅಡಕವಾಗದವನ್ನು ಅವರು ಬಲವಂತದಿಂದ ಅಡಕಮಾಡುತ್ತಿದ್ದರು.

ಈ ವರ್ಷ ಮಾಸ್ತರರ ಮಗಳು ಹಟಹಿಡಿದು ಅಜ್ಜನ ಗಿಟಾರನ್ನು ಕೆಳಗಿಳಿಸಿದಳು. ಹೊಸ ತಂತಿ ಕಟ್ಟಿ ಮೀಟಿದರೆ ನಾದದ ಬದಲು ಝರ್ರೆಂಬ ಸದ್ದು. ತಂತಿ ಹೊಸದು, ಮರ ಗಟ್ಟಿ, ರೋಗವೆಲ್ಲಿ? ಮಾಸ್ತರರು ಕನ್ನಡಕವೇರಿಸಿ ನೋಡಿದಾಗ ಕಂಡಿತು. ಮೊದಲ ಮೂರು ಫ್ರೆಟ್ಟುಗಳ ಮೇಲೆ, ತಂತಿಗಳು ಹಾಯುವ ಜಾಗದಲ್ಲಿ, ಇರುವೆ ತೋಡಿದಂಥ ಸಣ್ಣ ಸಣ್ಣ ಹಳ್ಳಗಳು. ತಂದೆಯವರ ನಾಲ್ಕು ಕಾರ್ಡುಗಳ ನಕ್ಷೆಯೇ ಅಲ್ಲಿ ಬರೆದಿತ್ತು.

ವೀಣೆಯಲ್ಲಿ ಮೆಟ್ಟಿಲು ಎನ್ನುವುದಕ್ಕೆ ಗಿಟಾರಿನಲ್ಲಿ ಫ್ರೆಟ್ ಎಂದು ಹೆಸರು. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕೂಡುತ್ತವೆ. ಸಿತಾರಿನ ಪರದೆಗಳನ್ನು ದಾರದಿಂದ ಬಿಗಿಯುತ್ತಾರೆ. ಗಿಟಾರಿನದು ತಂತಿಯ ತುಂಡು. ಅಡ್ಡಲಾಗಿ ಕತ್ತರಿಸಿ ನೋಡಿದರೆ ಅಣಬೆಯ ಆಕಾರ: ಮೇಲೆ ದುಂಡು ತಲೆ, ಕೆಳಗೆ ಸಣ್ಣ ಮುಳ್ಳುಗಳಿರುವ ಕಾಲು. ಆ ಕಾಲನ್ನು ಮರದ ಗೀರಿನೊಳಗೆ ಬಡಿದು ಕೂಡಿಸುತ್ತಾರೆ. ತಲೆಯ ಎತ್ತರ ಸುಮಾರು 1 ಮಿಲಿಮೀಟರು. ಸವೆಯಲು ಇರುವ ಬಂಡವಾಳ ಅಷ್ಟೇ.

ಬಹುಪಾಲು ಗಿಟಾರುಗಳಲ್ಲಿ ಈ ತಂತಿ ಜರ್ಮನ್ ಸಿಲ್ವರಿನದು. ಪೂಜೆಯ ತಟ್ಟೆ, ಕುಂಕುಮದ ಬಟ್ಟಲು ಕೊಳ್ಳುವ ಗೃಹಿಣಿಯರಿಗೆ ಚಿರಪರಿಚಿತವಾದ ಹೆಸರು. ಹೆಸರಿನಲ್ಲಿ ಬೆಳ್ಳಿಯಿದೆ, ಲೋಹದಲ್ಲಿ ಗುಲಗಂಜಿಯಷ್ಟೂ ಇಲ್ಲ. ತಾಮ್ರ, ನಿಕ್ಕಲ್, ಸತು ಮೂರರ ಮಿಶ್ರಣವದು. ಫ್ರೆಟ್ ತಂತಿಯಲ್ಲಿ ನಿಕ್ಕಲ್ ಸಾಮಾನ್ಯವಾಗಿ ಶೇಕಡ 18. ಚೀನೀಯರು ಎಂದಿನಿಂದಲೋ ಬಲ್ಲ ಬಿಳಿಯ ತಾಮ್ರವನ್ನು 19ನೆಯ ಶತಮಾನದಲ್ಲಿ ಜರ್ಮನರು ಅನುಕರಿಸಿದ್ದರಿಂದ ಈ ಹೆಸರು ಬಂತು. ತಂತಿಯಾಗಿ ಎಳೆಯುವಾಗ ಅದು ಗಡುಸಾಗುತ್ತದೆ, ನಿಜ. ಆದರೆ ಮೇಲೆ ಬಿಗಿದ ಉಕ್ಕಿನ ತಂತಿ ಅದಕ್ಕಿಂತ ಬಹಳ ಗಡುಸು. ಬೆರಳು ಒತ್ತಿದಾಗಲೆಲ್ಲ, ಜಗ್ಗಿದಾಗಲೆಲ್ಲ ಉಕ್ಕು ಅದನ್ನು ಉಜ್ಜುತ್ತದೆ. ನಡುವೆ ಬೆವರು ಮತ್ತು ಧೂಳು. ಬೀದರ ಜಿಲ್ಲೆಯ ಬೇಸಗೆಯಲ್ಲಿ ಎರಡಕ್ಕೂ ಬರವಿಲ್ಲ. ನೈಲಾನ್ ತಂತಿಯ ಗಿಟಾರುಗಳಲ್ಲಿ ಈ ಕೇಡು ಬಹು ನಿಧಾನ.

ಮಗಳ ಬಳಿ ಪರಿಹಾರ ಸಿದ್ಧವಾಗಿತ್ತು. "ಪಪ್ಪಾ, ಎಲ್ಲಾ ಕಿತ್ತಿಸಿ ಸ್ಟೇನ್‌ಲೆಸ್ ಸ್ಟೀಲ್ ಹಾಕಸ್ರಿ. ಮತ್ತ ಸವಿಯೂದೇ ಇಲ್ಲ." ಸವೆಯುವುದೇ ಇಲ್ಲವೆಂಬುದು ಅತಿಶಯೋಕ್ತಿ, ಬಹುಕಾಲ ಬಾಳುವುದಂತೂ ಸತ್ಯ. ವಿಜ್ಞಾನ ಕಲಿಸುವ ಮಾಸ್ತರರಿಗೆ ಇದು ತಿಳಿಯದ್ದಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. ಕಿತ್ತರೆ ತಂದೆಯ ಬೆರಳಿನ ಗುರುತೂ ಹೋದಂತೆ. ಆ ಕಾರಣವನ್ನು ಬಾಯಿಬಿಟ್ಟು ಹೇಳಲಾಗದೆ "ನೋಡೋಣ" ಎಂದರು. ಮನೆಗಳಲ್ಲಿ ಗಂಡಸರು ಈ ಮಾತನ್ನು ಯಾವಾಗ ಆಡುತ್ತಾರೆಂಬುದನ್ನು ವಾಚಕಿಯರಿಗೆ ವಿವರಿಸಬೇಕಾಗಿಲ್ಲ.

ಆ ವಾರ ಅವರಿಗೆ ಬೀದರಿನಲ್ಲಿ ಕೆಲಸವಿತ್ತು. ಚೌಬಾರದ ಸಮೀಪ ಪರಿಚಯದ ಬಿದರಿ ಕುಶಲಕರ್ಮಿಯೊಬ್ಬರ ಅಂಗಡಿಯಿದೆ. ಲೋಹದ ಮಾತನ್ನು ಅಂಥವರಲ್ಲಿಯೇ ಕೇಳಬೇಕು. ಮುದುಕರು ಹೂಜಿಯೊಂದಕ್ಕೆ ಬೆಳ್ಳಿಯ ತಂತಿ ಕೂಡಿಸುತ್ತಿದ್ದರು. ಬಿದರಿಯ ಒಡಲು ಸತುವಿನದು, ಜೊತೆಗೆ ಅಲ್ಪ ತಾಮ್ರ. ಅದರ ಮೇಲೆ ಉಳಿಯಿಂದ ಗೀರು ತೋಡಿ, ಗೀರಿನಲ್ಲಿ ಬೆಳ್ಳಿಯ ತಂತಿಯಿಟ್ಟು ಬಡಿಯುತ್ತಾರೆ. ಕೊನೆಗೆ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಉಜ್ಜಿದರೆ ಒಡಲು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

"ಚಾಚಾ, ಬೆಳ್ಳಿ ಬದ್ಲಿ ಉಕ್ಕಿನ ತಂತಿ ಹಾಕಿದ್ರ ಹ್ಯಾಂಗ?" ಎಂದರು ಮಾಸ್ತರರು.

ಮುದುಕರು ನಕ್ಕರು. "ಗೀರಿನ್ಯಾಗ ಕೂಡ್ತದೇನ್ರಿ ಮಾಸ್ತರ? ಬಡದಷ್ಟೂ ಹೊರಗ ಪುಟೀತದ. ಒಡಲೇ ಕೆಡ್ತದ. ತಂತಿ ಮೊದಲ ಮಾತು ಕೇಳಬೇಕು. ಆಮ್ಯಾಲ ಗಟ್ಟಿ ಆಗಬೇಕು."

ಭಾಲ್ಕಿಯ ಬಸ್ಸಿನಲ್ಲಿ ಮಾಸ್ತರರು ಲೆಕ್ಕ ಹಾಕಿದರು. ಸ್ಟೇನ್‌ಲೆಸ್ ತಂತಿ ಬೇಗ ಬಾಗುವುದಿಲ್ಲ. ಹಳೆಯ ಮರದ ಗೀರಿನಲ್ಲಿ ತುದಿಗಳು ಮೇಲೆದ್ದಾವು. ಅದನ್ನು ಅರೆಯುವ ಅರಗಳು ಮೊಂಡಾಗುವುದರಿಂದ ಕೂಲಿಯೂ ಹೆಚ್ಚು. ಇನ್ನೊಂದು ದಾರಿಯೆಂದರೆ, ಎಲ್ಲ ಫ್ರೆಟ್ಟುಗಳನ್ನೂ ಹಳ್ಳದ ತಳದ ಮಟ್ಟಕ್ಕೆ ಅರದಿಂದ ತೀಡಿ, ತಲೆಗಳನ್ನು ಮತ್ತೆ ದುಂಡಗೆ ಮಾಡುವುದು. ಹಳ್ಳಗಳು ಆಳವಾಗಿದ್ದವು. ಸವೆದ ಮೂರಕ್ಕಾಗಿ ಸವೆಯದ ಹದಿನೇಳನ್ನು ಸವೆಸಿದಂತಾಗುತ್ತದೆ. ಶಾಲೆಯ ಸೀಮೆಸುಣ್ಣದ ತುಂಡಿಗೂ ಲೆಕ್ಕವಿಟ್ಟಿದ್ದ ತಂದೆ ಅದಕ್ಕೆ ಎಂದೂ ಒಪ್ಪುತ್ತಿರಲಿಲ್ಲ.

ಕೊನೆಗೆ ಗಿಟಾರು ಹೈದರಾಬಾದಿಗೆ ಹೋಯಿತು. ಆ ಮೂರನ್ನು ಮಾತ್ರ ಕಿತ್ತು, ಜರ್ಮನ್ ಸಿಲ್ವರಿನದೇ ಹೊಸ ತಂತಿ ಕೂಡಿಸಿ, ಉಳಿದವುಗಳ ಎತ್ತರಕ್ಕೆ ಹೊಂದಿಸಿಕೊಟ್ಟರು. ಮಗಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಹಳೆಯ ತುಂಡುಗಳನ್ನು ಮಾಸ್ತರರು ಕೇಳಿ ಪಡೆದು, ಕಾಗದದಲ್ಲಿ ಸುತ್ತಿ, ತಂದೆಯವರ ಕೀರ್ತನೆಯ ಪುಸ್ತಕದೊಳಗೆ ಇಟ್ಟರು. ಪುಸ್ತಕ ಈಗ ಸರಿಯಾಗಿ ಮುಚ್ಚುವುದಿಲ್ಲ.

ಮುಂದಿನ ತಿಂಗಳ ಒಂದು ಭಾನುವಾರ ಔರಾದ ಕಡೆಯ ಆ ಹಳ್ಳಿಯ ಚರ್ಚಿನಲ್ಲಿ ಮಗಳು ಅಜ್ಜನ ಗಿಟಾರು ನುಡಿಸಿದಳು. ಅವಳಿಗೆ ಹದಿನೈದು ಕಾರ್ಡುಗಳು ಬರುತ್ತವೆ. ಸಭೆಯವರು ತಮ್ಮ ಹಳೆಯ ಧಾಟಿಯನ್ನು ಬಿಟ್ಟುಕೊಡಲಿಲ್ಲ. ಎರಡನೆಯ ಕೀರ್ತನೆಯ ಹೊತ್ತಿಗೆ ಅವಳು ನಾಲ್ಕಕ್ಕೆ ಇಳಿದಿದ್ದಳು.