ಮಸಾರಿ ದಾರಿ, ಎರಿ ದಾರಿ

14 ಜುಲೈ 2024, ಭಾನುವಾರ

ಜಿಟಿಜಿಟಿ ಮಳೆ ಹಿಡಿದು ಬಿಟ್ಟಿಲ್ಲ. ಗದಗಿನ ಪಕ್ಕದ ನಾಗಾವಿ ದಾಟಿ ಹೊಲದ ಬದುವಿಗೆ ಇಳಿಯುವುದು ಈಗ ಆಗದ ಮಾತು. ಕಪ್ಪು ಎರಿ ಮಣ್ಣು ಮೊದಲು ಬೂಟಿನ ಅಂಚಿಗೆ ತೆಳ್ಳಗೆ ಹತ್ತುತ್ತದೆ. ನಾಲ್ಕು ಹೆಜ್ಜೆಗೆ ಅದರ ಮೇಲೆ ಇನ್ನೊಂದು ಪದರ, ಆ ಪದರಕ್ಕೆ ಹುಲ್ಲು, ಹುಲ್ಲಿಗೆ ಸಣ್ಣ ಹರಳು. ಬದುವಿನ ಕೊನೆಗೆ ಬರುವಷ್ಟರಲ್ಲಿ ಕಾಲು ಎತ್ತಿಡುವುದೇ ಕಷ್ಟ. ಜಾಲಿ ಕಡ್ಡಿ ಮುರಿದು ಕೆತ್ತಿದರೆ ದೊಡ್ಡ ಹೆಂಟೆ ಕಳಚಿ ಬೀಳುತ್ತದೆ, ಅಡಿಯ ಗೆರೆಗಳಲ್ಲಿ ಕೂತದ್ದು ಮಾತ್ರ ಒಣಗುವ ತನಕ ಬಿಡುವುದಿಲ್ಲ.

ಕಪ್ಪತಗುಡ್ಡದ ಮಗ್ಗುಲಿನ ಮಸಾರಿ ನೆಲದ ಗುಣವೇ ಬೇರೆ. ಕೆಂಪು ಮಣ್ಣು, ಗರಸು. ರಾತ್ರಿಯೆಲ್ಲ ಸುರಿದರೂ ಬೆಳಿಗ್ಗೆ ನೀರು ಇಂಗಿಹೋಗಿರುತ್ತದೆ, ಹೆಜ್ಜೆ ಜಾರುವುದಿಲ್ಲ. ಹಾಗಾಗಿ ಮುಂಗಾರಿನಲ್ಲಿ ನನ್ನ ಓಟವೆಲ್ಲ ಗುಡ್ಡದ ಅಂಚಿನ ಬಂಡಿದಾರಿಯಲ್ಲಿ. ಎರಿ ಹೊಲದ ದಾರಿ ಏನಿದ್ದರೂ ಹಿಂಗಾರಿಗೆ.

ಗಾಳಿಯನ್ನೂ ಲೆಕ್ಕ ಹಾಕಬೇಕು. ಕಪ್ಪತಗುಡ್ಡದ ಸಾಲಿನ ಮೇಲೆ ನಿಂತ ಗಾಳಿಯಂತ್ರಗಳು ಗಾಳಿ ಬರುವ ಕಡೆಗೆ ಮುಖ ತಿರುಗಿಸಿಕೊಳ್ಳುತ್ತವೆ. ಅಂಗಳದಲ್ಲಿ ನಿಂತು ಅವುಗಳ ಮುಖ ನೋಡಿದರೆ ಸಾಕು, ಇವತ್ತು ಎತ್ತ ಹೊರಡಬೇಕೆಂದು ತಿಳಿಯುತ್ತದೆ. ಆಷಾಢದಲ್ಲಿ ಎಲ್ಲವೂ ಪಡುವಣಕ್ಕೆ. ಹೋಗುವಾಗ ಗಾಳಿಗೆ ಎದೆಯೊಡ್ಡಿ ಹೋಗಬೇಕು, ದಣಿದು ಬರುವಾಗ ಅದೇ ಗಾಳಿ ಬೆನ್ನಿಗಿರಬೇಕು. ಇದನ್ನು ತಿರುವುಮುರುವು ಮಾಡಬಾರದು.

22 ಆಗಸ್ಟ್ 2024, ಗುರುವಾರ

ಹೆಸರು ಬಿಡಿಸುವ ಸುಗ್ಗಿ. ಡಾಂಬರು ರಸ್ತೆಯ ಅರ್ಧದಷ್ಟು ಹೆಸರುಕಾಯಿ ಹರವಿ, ಅಂಚಿಗೆ ಕಲ್ಲಿಟ್ಟಿದ್ದಾರೆ. ಆ ಕಲ್ಲು ಬಳಸಿಕೊಂಡು ಓಡಬೇಕು. ಬೇಸರವೇನಿಲ್ಲ, ವರ್ಷದ ದುಡಿಮೆ ಅಲ್ಲಿ ಒಣಗುತ್ತಿದೆ.

ಸೂರ್ಯ ಹುಟ್ಟುವ ಮೊದಲು ಗದಗಿನ ಸುತ್ತಿನ ರಸ್ತೆಗಳಲ್ಲಿ ಓಡುವವರಲ್ಲಿ ಬಹುಪಾಲು ಪೊಲೀಸ್, ಮಿಲಿಟರಿ ಭರ್ತಿಗೆ ತಯಾರಾಗುತ್ತಿರುವ ಹುಡುಗರು. ಕಾನ್‌ಸ್ಟೆಬಲ್ ಆಗಬೇಕಾದರೆ 1600 ಮೀಟರ್ ಓಟವನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ಕಿಲೋಮೀಟರ್ ಕಲ್ಲಿನಿಂದ ಕಲ್ಲಿಗೆ ಅಳತೆ ಹಿಡಿದು, ಒಬ್ಬ ಮೊಬೈಲ್ ಹಿಡಿದು ಕೂಗುತ್ತಾನೆ, ಉಳಿದವರು ಓಡುತ್ತಾರೆ. ಕೆಲವರ ಕಾಲಲ್ಲಿ ಚಪ್ಪಲಿಯೂ ಇರುವುದಿಲ್ಲ. ಪಕ್ಕದಲ್ಲೇ ಮರಳಿನ ಟಿಪ್ಪರ್‌ಗಳು.

ಪಕ್ಕದ ಮನೆಯ ಹುಡುಗಿಯೂ ಅರ್ಜಿ ಹಾಕುವವಳಿದ್ದಾಳೆ. ಹೆಣ್ಣುಮಕ್ಕಳಿಗೆ 400 ಮೀಟರ್, 2 ನಿಮಿಷ. ಅವಳು ಓಡುವಾಗ ಅವಳಪ್ಪ ಬೈಕಿನ ಲೈಟು ಹಾಕಿಕೊಂಡು ಹಿಂದಿನಿಂದ ಬರುತ್ತಾರೆ. ಬೆಳಿಗ್ಗೆ ಸಿಕ್ಕಾಗ ಅವರೇ ಕೇಳಿದರು:

“ಟೀಚರ್, ನೀವು ಗುಡ್ಡದ ಕಡೆ ಹೋಗ್ತೀರಲ್ಲರಿ, ಇಕಿನ್ನೂ ಕರಕೊಂಡು ಹೋಗ್ರಲಾ. ಇಲ್ಲಿ ಗಾಡಿ ಭಾಳ.”

“ಕಳಸ್ರಿ ಅಣ್ಣಾರ. ಖರೇ ಅಂದ್ರ ಅಲ್ಲಿ ಲೈಟಿಲ್ಲ. ಮೂಡಣ ಕೆಂಪಾದ ಮ್ಯಾಲೇ ಹೊಂಡೂದು.”

ನಸುಕಿನಲ್ಲಿ ಓಡಲು ಬೆಳಕಿನ ದಾರಿ ಇಲ್ಲದಿರುವುದು ನನ್ನನ್ನು ದಿನವೂ ಕಾಡುತ್ತದೆ. ಕ್ರಿಕೆಟಿಗ ಸುನಿಲ್ ಜೋಶಿ ಗದಗಿನವರು. ಹುಡುಗರಾಗಿದ್ದಾಗ ನಸುಕಿನಲ್ಲೇ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮುಗಿಸಿ, ಶಾಲೆ ಹೊತ್ತಿಗೆ ಗದಗಿಗೆ ತಿರುಗಿ ಬರುತ್ತಿದ್ದರೆಂಬುದನ್ನು ನಮ್ಮ ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇವೆ. ಹೆಮ್ಮೆ ಸರಿಯೇ. ಆದರೆ ಒಂದು ಹೆಣ್ಣುಮಗು 400 ಮೀಟರ್ ಓಡಲು ಅಪ್ಪನ ಬೈಕಿನ ಬೆಳಕು ಬೇಕಾಗಬಾರದು. ಬೆಳಕಿರುವ, ಗಾಡಿ ಬಾರದ, ನಸುಕಿನ ಐದಕ್ಕೆ ಬಾಗಿಲು ತೆರೆಯುವ ಓಟದ ದಾರಿ ಪ್ರತಿ ಬಡಾವಣೆಗೂ ಬೇಕು. ಗುಡ್ಡದಲ್ಲಿ ಬೇಡ, ಊರೊಳಗೆ ಬೇಕು.

20 ಅಕ್ಟೋಬರ್ 2024, ಭಾನುವಾರ

ಪಕ್ಕದ ಮನೆಯ ಹುಡುಗಿಯ ಜೊತೆ ವಿಶ್ವವಿದ್ಯಾಲಯದ ಕಡೆಯಿಂದ ಹೋಗಿ ಗುಡ್ಡದ ಬುಡ ಸುತ್ತಿ ಬಂದೆವು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ನಾಗಾವಿಗೆ ಬಂದ ಮೇಲೆ ಈ ಇಳಿಜಾರಿನ ಚಹರೆಯೇ ಬದಲಾಗಿದೆ. ಅದರ ಆವರಣದಲ್ಲಿ ಸಬರಮತಿ ಆಶ್ರಮದ ಪ್ರತಿರೂಪ ಕಟ್ಟಿದ್ದಾರೆ. ಅದರ ಹೆಂಚಿನ ಮಾಡನ್ನು ಹುಡುಗಿಗೆ ತೋರಿಸಿದೆ. ದಿನಕ್ಕೆ ಹರದಾರಿಗಟ್ಟಲೆ ನಡೆಯುತ್ತಿದ್ದ ಮುದುಕನ ಮನೆ ಅದು ಎಂದೆ.

ಗದಗಿನ ಮಠದ ತೋಂಟದ ಸಿದ್ಧಲಿಂಗ ಸ್ವಾಮೀಜಿ ಲಿಂಗೈಕ್ಯರಾದದ್ದು 2018ರ ಇದೇ ಅಕ್ಟೋಬರ್ ತಿಂಗಳಲ್ಲಿ. ನಾವು ಓಡುವ ಈ ನೆಲವನ್ನು ಉಳಿಸಲು ಅವರು ನಿಂತ ಕತೆ ಹುಡುಗಿಗೆ ಗೊತ್ತಿರಲಿಲ್ಲ. ಏದುಸಿರು ನಿಂತ ಮೇಲೆ ಕಲ್ಲಿನ ಮೇಲೆ ಕೂತು ಹೇಳಿದೆ. ಈ ಗುಡ್ಡದ ಒಡಲಲ್ಲಿ ಕಬ್ಬಿಣದ ಅದಿರಿದೆ, ಚಿನ್ನವೂ ಇದೆ. ಅದಕ್ಕೇ ಎಲ್ಲರ ಕಣ್ಣು ಇದರ ಮೇಲೆ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡುವ ಮಾತು ಬಂದಾಗ ರೈತರ ಜೊತೆ ನಿಂತವರು ಸ್ವಾಮೀಜಿ. ಆ ಯೋಜನೆ ವಾಪಸಾಯಿತು. ಕಪ್ಪತಗುಡ್ಡವನ್ನು 2015ರ ಕೊನೆಗೆ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು, 2016ರಲ್ಲಿ ಆ ಆದೇಶವನ್ನೇ ಹಿಂದಕ್ಕೆ ತೆಗೆದುಕೊಂಡರು. 2017ರ ಫೆಬ್ರುವರಿಯಲ್ಲಿ ಗದಗಿನಲ್ಲಿ ಅಹೋರಾತ್ರಿ ಧರಣಿ ನಡೆಯಿತು. ಸ್ವಾಮೀಜಿ ಮುಂದೆ, ಅವರ ಹಿಂದೆ ಊರು. ಏಪ್ರಿಲ್‌ನಲ್ಲಿ ಸಂರಕ್ಷಿತ ಪ್ರದೇಶದ ಪಟ್ಟ ಮರಳಿ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು.

“ಇಷ್ಟೆಲ್ಲಾ ಆತೇನ್ ಅಕ್ಕಾ? ನಾ ಆವಾಗ ಸಾಲಿಗೆ ಹೋಗ್ತಿದ್ದೆ” ಅಂದಳು. ಮಠದ ಧರಣಿ ಎಂದಷ್ಟೇ ಅವಳಿಗೆ ನೆನಪು.

ಈ ಗುಡ್ಡ ಅಗೆದು ಮಾರಿದ್ದರೆ ನಮ್ಮ ಮಸಾರಿ ದಾರಿಯ ಮೇಲೆ ಈಗ ಅದಿರಿನ ಲಾರಿಗಳು ಓಡುತ್ತಿದ್ದವು. ಪಕ್ಕದ ಬಳ್ಳಾರಿ ಸೀಮೆಯ ಸಂಡೂರಿನ ಕೆಂಪು ದೂಳು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

17 ನವೆಂಬರ್ 2024, ಭಾನುವಾರ

ಕಾಲುಚೀಲದ ತುಂಬ ಹುಲ್ಲಿನ ಮುಳ್ಳುಬೀಜ. ಮನೆಗೆ ಬಂದು ಒಂದೊಂದಾಗಿ ಕಿತ್ತೆ. ಒಂದನ್ನು ಅಂಗೈ ಮೇಲಿಟ್ಟು ಒಂದು ಹನಿ ನೀರು ಬಿಟ್ಟೆ. ಅದರ ಕಂದು ಬಾಲ ನಿಧಾನಕ್ಕೆ ತಿರುಚು ಬಿಚ್ಚಿಕೊಂಡು ತಿರುಗತೊಡಗಿತು, ಚೂಪು ತುದಿ ಚರ್ಮಕ್ಕೆ ಊರಿಕೊಂಡಿತು. ಒದ್ದೆಯಾದಾಗ ತಿರುಗಿ, ಒಣಗಿದಾಗ ಮರಳಿ ತಿರುಗಿ, ಹೀಗೆಯೇ ಅದು ನೆಲ ಕೊರೆದು ತನ್ನನ್ನು ತಾನೇ ಬಿತ್ತಿಕೊಳ್ಳುತ್ತದೆ. ನಮ್ಮ ಕಾಲುಚೀಲವನ್ನೂ ಕುರಿಯ ಉಣ್ಣೆಯನ್ನೂ ಅದು ಬೇರೆ ಬೇರೆ ಎಂದು ನೋಡುವುದಿಲ್ಲ.

ಕುರಿ ಎಂದಾಗ ನೆನಪಾಯಿತು. ಬಂಡಿದಾರಿ ಕವಲೊಡೆಯುವಲ್ಲಿ ಕುರಿ ಹಟ್ಟಿ ಹಾಕಿದ್ದರು. ಕಂಬಳಿ ಹೊದ್ದ ಹಿರಿಯರು ಕೈ ಎತ್ತಿ ನಿಲ್ಲಿಸಿದರು.

“ಎಲ್ಲೀತನಕ ಹೊಂಟೀಯವ್ವಾ?”

“ಆ ದಿನ್ನಿ ತನಕ ರೀ ಅಜ್ಜಾರ.”

“ಅತ್ತಾಗ ಬ್ಯಾಡ. ರಾತ್ರಿ ತ್ವಾಳ ಬಂದಿತ್ತು, ಒಂದು ಮರಿ ಒಯ್ತು. ಅದೂ ಉಣಬೇಕಲ್ಲ. ಈಗ ಅದು ತನ್ನ ಜಾಗಕ್ಕ ಹೊಳ್ಳೂ ಹೊತ್ತು, ನೀವ್ಯಾಕ ಅಡ್ಡ ಹೋಗ್ತೀರಿ?”

ಮರಿ ಕಳೆದುಕೊಂಡವರು ಆಡಿದ ಮಾತಿದು. ನಾನು ಕಪ್ಪತಗುಡ್ಡದ ಬಗ್ಗೆ ಓದಿದ್ದಕ್ಕಿಂತ ಇದು ದೊಡ್ಡದು. ತೋಳ, ಕತ್ತೆಕಿರುಬ, ಚಿರತೆ ಇವೆಲ್ಲ ರಾತ್ರಿಯಷ್ಟೇ ಅಲ್ಲ, ಮುಂಜಾನೆ ಮತ್ತು ಮುಸ್ಸಂಜೆಯೂ ತಿರುಗಾಡುತ್ತವೆ. ಓಡಲು ನಮಗೆ ಬೇಕಾದದ್ದೂ ಅದೇ ತಂಪು ಹೊತ್ತು. ವನ್ಯಜೀವಿಧಾಮದ ಒಳಗೆ ಇಲಾಖೆಯ ಅನುಮತಿಯಿಲ್ಲದೆ ಹೋಗುವಂತಿಲ್ಲ. ಅನುಮತಿ ಸಿಕ್ಕರೂ ಆ ಹೊತ್ತಿನಲ್ಲಿ ನಾನು ಒಳಗೆ ಓಡಲಾರೆ. ಊರಲ್ಲಿ ಈಚೆಗೆ ಕೆಲವರು ಗುಡ್ಡದ ಮೇಲೆ ಮ್ಯಾರಥಾನ್ ಮಾಡಿಸಬೇಕೆಂದು ಮಾತಾಡುತ್ತಾರೆ. ನೂರಾರು ಮಂದಿ, ಮೈಕು, ನೀರಿನ ಬಾಟಲಿ. ನನಗೆ ಒಪ್ಪಿಗೆ ಇಲ್ಲ. ಹೊಲದ ಅಂಚಿನ ಬಂಡಿದಾರಿಗಳು ಎಷ್ಟೊಂದಿವೆ! ಕವಲಿನ ಆಚೆಗಿನದು ನಮ್ಮ ಪಾಲಿನದಲ್ಲ. ಅಲ್ಲಿಂದಲೇ ಹೊರಳಿದೆವು, ಇನ್ನು ಮುಂದೆಯೂ ಅಲ್ಲೇ ಹೊರಳುವುದು.

30 ಡಿಸೆಂಬರ್ 2024, ಸೋಮವಾರ

ಎಳ್ಳ ಅಮಾವಾಸ್ಯೆ. ಎರಿ ದಾರಿ ಒಣಗಿ ಗಟ್ಟಿಯಾಗಿದೆ, ಎರಡೂ ಕಡೆ ಎದೆಮಟ್ಟ ಬಿಳಿಜೋಳ, ನಡುನಡುವೆ ಕಡಲೆ, ಕುಸುಬೆ. ಎಚ್ಚರವಿರಬೇಕಾದದ್ದು ಬಿರುಕುಗಳ ಬಗ್ಗೆ. ಕಾಲು ಸಿಕ್ಕರೆ ಪಾದ ಉಳುಕುವುದು ಖಂಡಿತ.

ಹೊಲಕ್ಕೆ ನೈವೇದ್ಯವಾಗಿ ಚರಗ ಚೆಲ್ಲಲು ಹೊರಟ ಬಂಡಿಗಳು ಎದುರಾದವು. ಕೈಗೆ ಸಜ್ಜಿ ರೊಟ್ಟಿ, ಎಣ್ಣೆಗಾಯಿ ಕೊಟ್ಟರು. ಓಟ ಅಲ್ಲಿಗೇ ಮುಗಿಯಿತು.

12 ಜನವರಿ 2025, ಭಾನುವಾರ

ಬಸ್ಸಿನಲ್ಲಿ ಮಾಗಡಿಗೆ. ಗದಗಿನಿಂದ ಲಕ್ಷ್ಮೇಶ್ವರ ರಸ್ತೆಯಲ್ಲಿ ಸುಮಾರು 26 ಕಿಲೋಮೀಟರ್. ಕೆರೆಯ ಸುತ್ತ ಒಂದು ಸುತ್ತು ಓಡೋಣ ಎಂಬುದು ಹುಡುಗಿಯ ಆಸೆ. ಕೆರೆಯ ಹತ್ತಿರ ಬಂದಾಗ ಅವಳೇ ಬೇಡವೆಂದಳು.

ನೀರಿನ ಮೇಲೆ ಪಟ್ಟೆತಲೆ ಹೆಬ್ಬಾತುಗಳು ಕಿಕ್ಕಿರಿದಿದ್ದವು. ಬಿಳಿ ತಲೆಯ ಮೇಲೆ ಎರಡು ಕಪ್ಪು ಗೆರೆ. ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳು ಇವು. ನವೆಂಬರ್ ಹೊತ್ತಿಗೆ ಬಂದು ಬೇಸಿಗೆ ಬಲಿಯುವ ಮೊದಲು ಹೊರಡುತ್ತವೆ. ಹಗಲು ನೀರಲ್ಲಿದ್ದು, ಮೇವಿಗೆ ಸುತ್ತಲಿನ ಕಡಲೆ, ಶೇಂಗಾ ಹೊಲಗಳಿಗೆ ಹೋಗುತ್ತವೆ. ಬೆಳೆ ತಿನ್ನುವ ಹಕ್ಕಿಯನ್ನು ಮಾಗಡಿಯ ರೈತರು ಹೊಡೆದು ಓಡಿಸಲಿಲ್ಲ. ಹಿಕ್ಕೆ ಹೊಲಕ್ಕೆ ಗೊಬ್ಬರ ಎನ್ನುತ್ತಾರೆ. 2024ರ ಆರಂಭದಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದರ ಹಿಂದೆ ಆ ತಾಳ್ಮೆಯೂ ಇದೆ.

ಏರಿಯ ಮೇಲೆ ಒಬ್ಬ ಹುಡುಗ ಜೋರಾಗಿ ಓಡಿಬಂದ. ಹತ್ತಿರದ ಗುಂಪು ಕತ್ತೆತ್ತಿತು, ಕೂಗಿತು, ಎದ್ದೇಬಿಟ್ಟಿತು. ಮತ್ತೆ ಕೆಳಗಿಳಿಯಲು ಎಷ್ಟೋ ಹೊತ್ತು ಹಿಡಿಯಿತು. ಅಷ್ಟು ದೂರದಿಂದ ಬಂದ ಹಕ್ಕಿಗೆ ಹೀಗೆ ಸುಮ್ಮನೆ ರೆಕ್ಕೆ ಬಡಿಸುವುದು ಅನ್ಯಾಯ. ನಾವು ನಡೆದೇ ನೋಡಿದೆವು. ಶಾಲೆಯ ಮಕ್ಕಳನ್ನು ಕರೆತಂದಾಗ ಮೊದಲು ಹೇಳಬೇಕಾದದ್ದು ಇದನ್ನೇ.

9 ಫೆಬ್ರುವರಿ 2025, ಭಾನುವಾರ

ಗುಡ್ಡ ಪೂರ್ತಿ ಹಳದಿಯಾಗಿದೆ. ಬಾದೆ ಹುಲ್ಲು ಒಣಗಿ ನಿಂತಿದೆ, ಗಾಳಿಗೆ ಸರಸರ ಸದ್ದು. ಇನ್ನು ಮೊದಲ ಮಳೆಯ ತನಕ ಬೆಂಕಿಯ ಭಯ. ಯಾರೋ ಎಸೆದ ಬೀಡಿ ತುಂಡು ಸಾಕು, ಹುಲ್ಲಿನ ಜೊತೆ ಗುಡ್ಡದ ಔಷಧಿ ಗಿಡಗಳೂ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಗಳೂ ಹೋಗುತ್ತವೆ. ಅರಣ್ಯ ಇಲಾಖೆಯವರು ಹುಲ್ಲು ಸವರಿ ಬೆಂಕಿರೇಖೆ ಎಳೆಯುತ್ತಾರೆ. ಅಷ್ಟು ಉದ್ದದ ಗುಡ್ಡಕ್ಕೆ ಅದೊಂದೇ ಸಾಲದು. ಊರವರ ಕಣ್ಣೂ ಬೇಕು. ದಿನವೂ ಅಂಚಿನಲ್ಲಿ ಓಡುವವರಿಗೆ ಹೊಗೆ ಎಲ್ಲರಿಗಿಂತ ಮೊದಲು ಕಾಣುತ್ತದೆ. ವಲಯ ಅರಣ್ಯಾಧಿಕಾರಿ ಕಚೇರಿಯ ನಂಬರನ್ನು ಹುಡುಗಿಯ ಫೋನಿಗೂ ಹಾಕಿಕೊಟ್ಟೆ. ಬರುವ ವಾರ ರಸ್ತೆಯಲ್ಲಿ ಓಡುವ ಹುಡುಗರಿಗೂ ಕೊಡಬೇಕು.

400 ಮೀಟರ್ ಈಗ ಅವಳಿಗೆ ಯಾವ ಲೆಕ್ಕ! ನಿಗದಿತ ಸಮಯಕ್ಕಿಂತ ಸಾಕಷ್ಟು ಮುಂಚೆಯೇ ಮುಗಿಸುತ್ತಾಳೆ. ಮಸಾರಿ ನೆಲದ ಏರಿಳಿತ ಅವಳ ಕಾಲಿಗೆ ಬಲ ಕೊಟ್ಟಿದೆ.

“ಅಕ್ಕಾ, ಪೊಲೀಸ್ ಬ್ಯಾಡ ಅನಸಾಕತ್ತೈತಿ. ಫಾರೆಸ್ಟ್ ಗಾರ್ಡ್‌ಗೆ ಅರ್ಜಿ ಕರದಾಗ ಹಾಕ್ಲ್ಯಾ?”

“ಎರಡೂ ಹಾಕು. ಯಾವುದು ಬರತೈತಿ ನೋಡೂನು.”

“ಅಪ್ಪಗ ನೀವ ಹೇಳಬೇಕು ಮತ್ತ.”

ಹೇಳುತ್ತೇನೆ ಎಂದಿದ್ದೇನೆ. ನಾಳೆ ಸಂಜೆ ಅವರ ಮನೆಗೆ ಹೋಗಬೇಕು.