ಅಜ್ಜಿ ಮುಟ್ಟದ ನವಣೆ

ಆಫೀಸಿನ ವಾರ್ಷಿಕ ಚೆಕಪ್‌ನಲ್ಲಿ ನನ್ನ ಎಚ್‌ಬಿಎ1ಸಿ 6.1 ಬಂತು. 'ಮನೇಲಿ ಯಾರಿಗಾದ್ರೂ ಶುಗರ್ ಇದೆಯಾ?' ಅಂದರು ಡಾಕ್ಟರು. ಅಮ್ಮನಿಗಿದೆ ಅಂದೆ. ಕಡ್ಡಿಯಂಥ ಮೈ, ದಿನವೆಲ್ಲ ಹೊಲದ ಕೆಲಸ, ಆದರೂ 42ಕ್ಕೇ ಬಂದಿತ್ತು. ಡಾಕ್ಟರು ಫಾರ್ಮಿನಲ್ಲಿ ಒಂದು ಟಿಕ್ ಹಾಕಿ ಮುಂದಕ್ಕೆ ಹೋದರು.

ಅಮ್ಮ ಹುಟ್ಟಿದ್ದು 1966ರ ಬರದಲ್ಲಿ, ಚಳ್ಳಕೆರೆ ಕಡೆ. ಅಜ್ಜಿ ಆ ಬಸುರಿನ ದಿನಗಳನ್ನು ಅಣ್ಣೆಸೊಪ್ಪು, ನೀರುನೀರಾದ ಅಂಬಲಿಯಲ್ಲೇ ಕಳೆದಿದ್ದಳು. ನೂರು ಸಲ ಕೇಳಿದ ಕತೆ. ಫಾರ್ಮಿನಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಆ ರಾತ್ರಿ ಗೂಗಲ್ ಮಾಡ್ತಾ ಮಾಡ್ತಾ ಹಾಲೆಂಡಿಗೆ ಹೋಗಿ ಮುಟ್ಟಿದೆ. 1944-45ರ ಚಳಿಗಾಲದಲ್ಲಿ ನಾಜಿಗಳು ಅಲ್ಲಿನ ಪಶ್ಚಿಮ ಭಾಗಕ್ಕೆ ಆಹಾರ ಸಾಗಣೆ ತಡೆದರು. ಜನ ಟ್ಯುಲಿಪ್ ಗೆಡ್ಡೆ ಬೇಯಿಸಿ ತಿಂದರು, ಸುಮಾರು 20 ಸಾವಿರ ಮಂದಿ ಸತ್ತರು. ಆ ಹೊತ್ತಲ್ಲಿ ತಾಯ ಗರ್ಭ ಸೇರಿದ 60 ಮಂದಿಯ ರಕ್ತವನ್ನು, ಆರು ದಶಕದ ಮೇಲೆ, ಅವರವರ ಒಡಹುಟ್ಟಿದವರ ರಕ್ತದ ಜೊತೆ ಹೋಲಿಸಿ ನೋಡಿದರು. 2008ರಲ್ಲಿ ಫಲಿತಾಂಶ ಬಂತು. ಬೆಳವಣಿಗೆಗೆ ಬೇಕಾದ ಐಜಿಎಫ್2 ಅನ್ನೋ ಜೀನಿನ ಮೇಲೆ ಮೀಥೈಲ್ ಗುರುತುಗಳು ಕಡಿಮೆ ಇದ್ದವು. ಇದೇ ಎಪಿಜೆನೆಟಿಕ್ಸ್. ನಮ್ಮ ಭಾಷೇಲಿ ಹೇಳೋದಾದ್ರೆ, ಕೋಡ್ ಒಂದಕ್ಷರವೂ ಬದಲಾಗಿಲ್ಲ, ಕಾನ್ಫಿಗ್ ಬದಲಾಗಿದೆ.

ನನ್ನನ್ನು ಮಲಗಗೊಡದೇ ಇದ್ದದ್ದು ಮಾತ್ರ ಬೇರೆಯದು. ಹೆಣ್ಣು ಮಗು ಹೊಟ್ಟೆಯಲ್ಲಿರುವಾಗಲೇ ಅದರ ಅಂಡಾಣುಗಳು ಮೂಡಿಬಿಟ್ಟಿರುತ್ತವೆ. ಅಂದರೆ ಮುಂದೆ ನಾನಾಗಬೇಕಿದ್ದ ಅರ್ಧ ಭಾಗ ಆ ಬರದಲ್ಲಿ ಅಜ್ಜಿಯ ಹೊಟ್ಟೆಯೊಳಗೇ ಇತ್ತು! ಹಸಿವಿನ ಗುರುತು ಮೊಮ್ಮಕ್ಕಳವರೆಗೂ ದಾಟುತ್ತೆ ಅನ್ನೋದು ಇಲಿಗಳಲ್ಲಿ ಕಂಡಷ್ಟು ಗಟ್ಟಿಯಾಗಿ ಮನುಷ್ಯರಲ್ಲಿ ಸಾಬೀತಾಗಿಲ್ಲ. ಆದ್ರೆ ನನಗೆ ಅಷ್ಟು ತಾಳ್ಮೆ ಎಲ್ಲಿ? ಊರಿಗೆ ಹೋದವನೇ ಅಜ್ಜಿಗೆ ಎಲ್ಲ ಒದರಿಬಿಟ್ಟೆ.

ಅಜ್ಜಿ ಎಲೆಅಡಿಕೆ ಕುಟ್ಟೋದು ನಿಲ್ಲಿಸಿದಳು. 'ಹಂಗಾರೆ ನಾನು ಉಣ್ಣದೆ ಇದ್ದಿದ್ದಕ್ಕೇ ನಿಮ್ಮವ್ವಂಗೂ ನಿಂಗೂ ಈ ಕಾಯ್ಲೆನಾ?'

ಡಚ್ ತಾಯಂದಿರ ಹಸಿವಿಗೆ ಯಾರು ಕಾರಣ ಅಂತ ಇತಿಹಾಸದ ಪುಸ್ತಕಗಳಲ್ಲಿದೆ. ಅಜ್ಜಿಗೆ ಬೈಯೋಕೆ ಯಾರೂ ಸಿಗಲಿಲ್ಲ, ತನ್ನನ್ನೇ ಹಿಡಿದುಕೊಂಡಳು. 'ಅಲ್ಲಜ್ಜಿ, ನಾನು ರಾತ್ರಿ ಹನ್ನೆರಡಕ್ಕೆ ಬಿರಿಯಾನಿ ತರಿಸಿ ತಿಂತೀನಿ, ದಿನಕ್ಕೆ ಹತ್ತು ಗಂಟೆ ಕುರ್ಚಿ ಬಿಟ್ಟು ಏಳಲ್ಲ, ಅದಕ್ಕೂ ಬರುತ್ತೆ' ಅಂದೆ. ಅದೇನೂ ಸುಳ್ಳಲ್ಲ. ಆದರೆ ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ.

ತುಂಬ ಹೊತ್ತಿನ ಮೇಲೆ, 'ಮನೇಲಿ ಎರಡು ಸೇರು ನವಣೆ ಇತ್ತು ಕಣಪ್ಪಾ' ಅಂದಳು. 'ಬಿತ್ತನೆಗೆ ಅಂತ ಮಡಗಿದ್ದೆ. ಮುಟ್ಲಿಲ್ಲ.'