ಒಣಗದ ಕಾಗದ

ಮಲ್ಪೆಯ ಮರಳ ಮೇಲೆ ಮಡಚುವ ಸ್ಟೂಲು ಹಾಕಿಕೊಂಡು ಜಲವರ್ಣ ಬಿಡಿಸುವವರ ಹಿಂದೆ ನಿಂತು ನೋಡುವುದು ನನಗೊಂದು ಚಟ. ನನಗೆ ಚಿತ್ರ ಬರುವುದಿಲ್ಲ. ಹಾಗಾಗಿ ಇವೆಲ್ಲ ಹೊರಗಿನವನ ಗೊಂದಲಗಳು.

ಎದುರಿಗೆ ಅರಬ್ಬಿ ಸಮುದ್ರವೇ ಬಿದ್ದುಕೊಂಡಿದೆ, ಇವರು ಮಾತ್ರ ಮನೆಯಿಂದ ಬಾಟಲಿಯಲ್ಲಿ ನೀರು ತರುತ್ತಾರೆ. ಯಾಕೆಂದು ಒಬ್ಬರನ್ನು ಕೇಳಿದೆ. "ಉಪ್ಪುನೀರಲ್ಲಿ ಮಾಡಿದ್ರೆ ಕಾಗದ ಸರಿ ಒಣಗುದೇ ಇಲ್ಲ ಮಾರಾಯ್ರೆ" ಎಂದರು. ಮಾತು ನಿಜ. ಸಮುದ್ರದ ಒಂದು ಲೀಟರ್ ನೀರಲ್ಲಿ ಸುಮಾರು 35 ಗ್ರಾಂ ಲವಣ. ಅದರಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ಪಸೆಯನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಕಲ್ಲುಪ್ಪಿನ ಭರಣಿ ನೀರಾಡುವುದೂ ಇದರಿಂದಲೇ. ಅರ್ಥವಾಯಿತು ಅಂದುಕೊಳ್ಳುವಷ್ಟರಲ್ಲಿ ಅದೇ ಮನುಷ್ಯ ಚೀಲದಿಂದ ಪುಡಿ ಉಪ್ಪಿನ ಪೊಟ್ಟಣ ತೆಗೆದು ಹಸಿ ಬಣ್ಣದ ಮೇಲೆ ಒಂದು ಚಿಟಿಕೆ ಉದುರಿಸಿದರು! ಒಂದೊಂದು ಹರಳೂ ಸುತ್ತಲಿನ ನೀರು ಹೀರಿ, ಬಣ್ಣ ಸರಿದು, ಅಲ್ಲಲ್ಲಿ ಬಿಳಿ ನಕ್ಷತ್ರಗಳು ಮೂಡಿದವು. ಮರಳಿನ ತರಿ ಹಾಗೇ ಬಂತು. ಒಣಗಿದ ಮೇಲೆ ಹರಳನ್ನು ಕೊಡವಿಬಿಡುತ್ತಾರಂತೆ, ಅದಕ್ಕೇ ಅಡ್ಡಿಯಿಲ್ಲ.

ಒಣಗುವ ವಿಷಯ ಬಂದರೆ ಇವರ ಮಾತು ಮುಗಿಯುವುದಿಲ್ಲ. ಬಿಜಾಪುರದ ಬೇಸಿಗೆಯಲ್ಲಿ ಆಕಾಶದ ನೀಲಿಯನ್ನು ಎಡದಿಂದ ಬಲಕ್ಕೆ ಎಳೆಯುವಷ್ಟರಲ್ಲಿ ಎಡಗಡೆ ಒಣಗಿ ಗೆರೆ ನಿಂತಿರುತ್ತದೆ. ಇಲ್ಲಿ ತದ್ವಿರುದ್ಧ: ಆಕಾಶ ಬಳಿದು, ಚಹಾ ಕುಡಿದು, ಬೂತಾಯಿಯ ದರ ವಿಚಾರಿಸಿ ಬಂದರೂ ಕಾಗದ ತಣ್ಣಗೇ ಇರುತ್ತದೆ. ಒಣಗಿತೋ ಇಲ್ಲವೋ ಎಂದು ನೋಡುವುದು ಅಂಗೈಯ ಹಿಂಬದಿಯಿಂದ. ಬೆರಳಿನ ಜಿಡ್ಡು ತಾಗಬಾರದಂತೆ. ಬಣ್ಣದ ಪುಡಿಯನ್ನು ಹಿಡಿದಿಡುವುದು ಜಾಲಿಯ ಜಾತಿಯ ಮರದ ಗೋಂದು. ಅದು ಬಿರುಕು ಬಿಡದಿರಲೆಂದು ಗ್ಲಿಸರಿನ್ನೋ ಜೇನೋ ಸೇರಿಸಿರುತ್ತಾರೆ. ಅವೂ ತೇವ ಬಿಟ್ಟುಕೊಡುವ ಪೈಕಿ ಅಲ್ಲ. ಇನ್ನು ಕಾಗದ. 300 ಜಿಎಸ್‌ಎಂನ ದಪ್ಪ ಹತ್ತಿಕಾಗದಕ್ಕೆ ನೀರು ಕೂಡಲೇ ಇಂಗದಂತೆ ಜೆಲಟಿನ್ ಲೇಪ ಕೊಟ್ಟಿರುತ್ತಾರೆ. ಕರಾವಳಿಯ ಮಳೆಗಾಲವನ್ನು ಕಪಾಟಿನಲ್ಲಿ ಕಳೆದ ಹಾಳೆಯ ಲೇಪ ಬೂಷ್ಟು ತಿಂದು ಹೋಗಿರುತ್ತದೆ. ಕಣ್ಣಿಗೆ ಏನೂ ಕಾಣದು. ಬಣ್ಣ ಹಾಕಿದೊಡನೆ ಕಲೆಕಲೆಯಾಗಿ ಕುಡಿಯುತ್ತದೆ.

ದೂರದ್ದೆಲ್ಲ ತಿಳಿಯಾಗಬೇಕು ಎಂಬುದು ಶಾಲೆಯ ಡ್ರಾಯಿಂಗ್ ಪಾಠ. ಇವರೋ ಕ್ಷಿತಿಜದ ಅಂಚಿಗೆ ಗಾಢ ನೀಲಿಯ ಪಟ್ಟಿ ಎಳೆಯುತ್ತಾರೆ. ತಲೆಯೆತ್ತಿ ನೋಡಿದರೆ ಹೌದು, ಬೆಳಗಿನ ಕಡಲು ಅಲ್ಲಿ ಗಾಢವಾಗೇ ಇದೆ. ಸಮುದ್ರ ಕನ್ನಡಿಯ ಹಾಗೆ ಚಪ್ಪಟೆಯಾಗಿದ್ದರೆ ಕ್ಷಿತಿಜದ ಮೇಲಿನ ಮಾಸಲು ಆಕಾಶವೇ ಅಲ್ಲಿ ಪ್ರತಿಫಲಿಸಬೇಕಿತ್ತು. ಆದರೆ ದೂರದ ತೆರೆಗಳಲ್ಲಿ ನಮಗೆ ಕಾಣುವುದು ನಮ್ಮ ಕಡೆ ವಾಲಿದ ಮೈ ಮಾತ್ರ, ಅದು ತೋರಿಸುವುದು ಇನ್ನೂ ಮೇಲಿನ, ಕಡು ನೀಲಿಯ ಆಕಾಶವನ್ನು. ಸಂಜೆ ಬಂದರೆ ಲೆಕ್ಕ ಬೇರೆ: ಪಡುವಣ ತೀರದಲ್ಲಿ ಸೂರ್ಯ ಎದುರಿಗೆ ಬಂದು, ನೀರೆಲ್ಲ ತಗಡಿನಂತೆ ಹೊಳೆದು ನೀಲಿಯೇ ಕಾಣಿಸದು. ಹಾಗಿದ್ದೂ ಎಲ್ಲರ ಪೆಟ್ಟಿಗೆಯಲ್ಲಿ ಮೊದಲು ಖಾಲಿಯಾಗುವುದು ನೀಲಿ ಟ್ಯೂಬೇ!

ನನಗೆ ಅತಿ ಹೆಚ್ಚು ಬೆರಗು ಹುಟ್ಟಿಸಿದ್ದು ಬಿಳಿ. ನೊರೆ ಬಿಡಿಸಲು ಇವರು ಬಿಳಿ ಬಣ್ಣ ಬಳಸುವುದಿಲ್ಲ. ನೊರೆ ಅಂದರೆ ಬಣ್ಣ ತಾಗದೆ ಉಳಿದ ಕಾಗದ. ಅಂದರೆ ಕುಂಚ ಅದ್ದುವ ಮೊದಲೇ ಎಲ್ಲಿ ಬಿಡಿಸಬಾರದು ಅನ್ನುವುದು ತೀರ್ಮಾನವಾಗಿರಬೇಕು. ಆದರೆ ತೆರೆ ಯಾರಿಗೂ ಕಾಯುವುದಿಲ್ಲವಲ್ಲ? ಒಬ್ಬಾಕೆ ಕುಂಚ ಮುಟ್ಟದೆ ಬಹಳ ಹೊತ್ತು ತೆರೆಗಳನ್ನೇ ನೋಡುತ್ತಿದ್ದರು. ಕೊನೆಗೆ ಅವರು ಬಿಟ್ಟ ಬಿಳಿಯ ಆಕಾರ ಆ ದಿನ ಬಂದ ಯಾವ ತೆರೆಯದ್ದೂ ಅಲ್ಲ, ಆದರೂ ಮಲ್ಪೆಯದ್ದೇ. ಇದು ಹೇಗೆ ಅಂತ ನನಗೆ ಇನ್ನೂ ಹೊಳೆದಿಲ್ಲ. ಜಾಗ ತಪ್ಪಿ ಬಣ್ಣ ಹರಿದರೆ ಬ್ಲೇಡಿನಿಂದ ಕೆರೆಯುವುದೂ ಉಂಟು. ಇಂಗ್ಲೆಂಡಿನ ಚಿತ್ರಕಾರ ಟರ್ನರ್ ಕೂಡ ಕಾಗದ ಕೆರೆದೇ ಬೆಳಕು ತೆಗೆಯುತ್ತಿದ್ದವನು, ಹಾಗಾಗಿ ಅದನ್ನು ಮೋಸ ಅನ್ನುವಂತಿಲ್ಲ.

ತೆರೆಯಷ್ಟೇ ಅಲ್ಲ, ದೋಣಿಯೂ ಕಾಯುವುದಿಲ್ಲ: ಒಂದೇ ಲಂಗರಿನ ದೋಣಿ ನೀರಿನ ಸೆಳೆತಕ್ಕೂ ಗಾಳಿಗೂ ತಿರುಗುತ್ತಲೇ ಇರುತ್ತದೆ. ಪಡುವಣಕ್ಕಿದ್ದ ಮೂತಿ ಬಣ್ಣ ಒಣಗುವಷ್ಟರಲ್ಲಿ ತೆಂಕಣಕ್ಕೆ. ನಾಳೆ ಅದೇ ಹೊತ್ತಿಗೆ ಬಂದರೂ ಪ್ರಯೋಜನವಿಲ್ಲ, ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ.

ಕೈರಂಪಣಿ ಬಲೆ ಎಳೆದು ಮುಗಿಸಿ ಬಂದ ಹಿರಿಯರೊಬ್ಬರು ಒಂದು ಚಿತ್ರವನ್ನು ಬಗ್ಗಿ ನೋಡಿ, "ಎಂತ ಮಾರಾಯ್ರೆ, ನಿಮ್ಮ ದೋಣಿ ನೀರಲ್ಲಿ ಉಂಟಾ, ಗಾಳಿಯಲ್ಲಿ ಉಂಟಾ?" ಎಂದರು. ಕಲಾವಿದರು ಮೋರೆ ಸಣ್ಣದು ಮಾಡಲಿಲ್ಲ. ಕಂದು ಮತ್ತು ನೀಲಿ ಕಲಸಿ, ದೋಣಿಯ ಹೊಟ್ಟೆಯಡಿ ಒಂದು ಗಾಢ ಎಳೆತ, ಕೆಳಗೆ ಎರಡು ಮುರುಕು ಗೀಟು. ದೋಣಿ ತಟ್ಟನೆ ನೀರಿನ ಮೇಲೆ ಕೂತಿತು. "ಹಾಂ, ಈಗ ಭಾರ ಬಂತು" ಎಂದು ಹಿರಿಯರು ಹೊರಟುಹೋದರು. ಕಲಾವಿಮರ್ಶೆ ಅಂದರೆ ಇಷ್ಟು ಚುಟುಕಾಗಿ ಇರಬೇಕು.

ಅಮೆರಿಕದ ಚಿತ್ರಕಾರ ವಿನ್ಸ್ಲೋ ಹೋಮರ್ 1881ರಲ್ಲಿ ಇಂಗ್ಲೆಂಡಿನ ಕಲ್ಲರ್‌ಕೋಟ್ಸ್ ಎಂಬ ಮೀನುಗಾರರ ಹಳ್ಳಿಗೆ ಹೋಗಿ ಮಾರನೇ ವರ್ಷದ ತನಕ ಅಲ್ಲೇ ಇದ್ದ. ಜಲವರ್ಣದಲ್ಲಿ ಅವನು ಹೆಚ್ಚಾಗಿ ಬಿಡಿಸಿದ್ದು ಬುಟ್ಟಿ ಹೊತ್ತ, ಬಲೆ ಹೆಣೆಯುವ, ದಡದಲ್ಲಿ ಕಾಯುವ ಹೆಂಗಸರನ್ನು. ಮಲ್ಪೆಯ ದಕ್ಕೆಯಲ್ಲೂ ಬುಟ್ಟಿ, ಚೌಕಾಸಿ, ಬಂಗುಡೆಯ ರಾಶಿ ಎಲ್ಲ ಹೆಂಗಸರ ಕೈಯಲ್ಲೇ. ನಾನು ಕಂಡ ಚಿತ್ರಗಳಲ್ಲಿ ಮಾತ್ರ ಬರೀ ದೋಣಿ, ತೆಂಗು, ಸೂರ್ಯಾಸ್ತ. ಮನುಷ್ಯರು ಓಡಾಡುತ್ತಾರೆ, ಕಷ್ಟ ಅನ್ನುತ್ತಾರೆ. ತೆರೆ ಇವರಿಗಾಗಿ ನಿಲ್ಲುತ್ತದೆಯೇ? ಈ ನೆಪ ನನಗೆ ಒಪ್ಪಿಗೆಯಿಲ್ಲ.

ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ಬಂದರಿನಲ್ಲಿ ಒತ್ತೊತ್ತಾಗಿ, ಅಲುಗದೆ ನಿಂತಿರುತ್ತವೆ. ಹೊಳೆಗಳು ತಂದ ಮಣ್ಣಿನಿಂದ ದಡದ ಕಡಲು ಕೆಂಪುಗಂದು. ಬಿಡಿಸಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ, ಆಗಲೇ ಮಳೆಯೆಂದು ಒಬ್ಬರೂ ಬರುವುದಿಲ್ಲ. ಅಂಟಾರ್ಕ್ಟಿಕಾದಲ್ಲಿ ಅನ್ವೇಷಕ ಸ್ಕಾಟ್‌ನ ಜೊತೆಗಿದ್ದ ಎಡ್ವರ್ಡ್ ವಿಲ್ಸನ್, ಹೊರಗೆ ನೀರು ಹೆಪ್ಪುಗಟ್ಟುತ್ತದೆಂದು ಪೆನ್ಸಿಲ್ಲಿನಲ್ಲಿ ಗೀಚಿ, ಬಣ್ಣಗಳ ಹೆಸರು ಬರೆದುಕೊಂಡು, ಗುಡಿಸಲಿಗೆ ಬಂದು ಬಣ್ಣ ತುಂಬುತ್ತಿದ್ದ. ಮಳೆಗೂ ಈ ಉಪಾಯ ಸಾಕಲ್ಲ?

ನೀವು ಕಡಲತಡಿಗೆ ಹೋದಾಗ ಇಂಥವರು ಸಿಕ್ಕರೆ ಹಿಂದೆ ನಿಂತೇ ನೋಡಿ, ಬೆಳಕಿಗೆ ಅಡ್ಡ ಬರಬೇಡಿ. ಚಪ್ಪಲಿಯ ಮರಳು ಹಸಿ ಹಾಳೆಗೆ ಹಾರದಂತೆ ನಡೆಯಿರಿ. "ಫೋಟೋ ತೆಗೆದ್ರೆ ಆಗುದಿಲ್ವಾ?" ಅಂತ ಮಾತ್ರ ಕೇಳಬೇಡಿ, ಆ ಪ್ರಶ್ನೆಯನ್ನು ನಾನು ಆಗಲೇ ಕೇಳಿಯಾಗಿದೆ.